ಎಡಗಾಲಿನ ಎಣ್ಣೆ

ಜುಲೈ 31, ಗುರುವಾರ

ಗವಿಸಿದ್ದೇಶನೆಂಬ ನಾನು, ಉದ್ಯೋಗ ಭೌತಶಾಸ್ತ್ರದ ಉಪನ್ಯಾಸಕ, ವಾಸ ಬೆಟಗೇರಿ, ಯಾರ ಒತ್ತಾಯವೂ ಇಲ್ಲದೆ, ಮೈಮೇಲೆ ಪೂರ್ಣ ಎಚ್ಚರವಿದ್ದು ಒಪ್ಪಿಕೊಳ್ಳುವುದೇನೆಂದರೆ: ಇಂದು ಮಧ್ಯಾಹ್ನ ಕಾಲೇಜಿನ ಪ್ರಯೋಗಾಲಯದಿಂದ ಒಂದು ದಪ್ಪ ಗಾಜಿನ ಹಲಗೆಯನ್ನು ಕದ್ದಿದ್ದೇನೆ. ಅಂಗಿಯೊಳಗೆ ಹೊಟ್ಟೆಗೆ ಆನಿಸಿಕೊಂಡು, ಉಸಿರು ಬಿಗಿಹಿಡಿದು ವರಾಂಡ ದಾಟುವಾಗ ಪ್ರಿನ್ಸಿಪಾಲರು ಎದುರಾದರು.

"ಏನ್ರಿ ಸರ್, ಹೊಟ್ಟಿ ಭಾಳ ಕರಗೇತಲ್ಲ?"

"ಹೆಂಡ್ತಿ ಕೈ ಮುರದೈತ್ರಿ. ಅಡಗಿ ನಂದ ನಡದೈತಿ" ಎಂದೆ.

ಪಾಪ, ಮರುಗಿದರು. ಕಳ್ಳನಿಗೆ ಇಷ್ಟು ಸುಲಭವಾಗಿ ಕರುಣೆ ಸಿಗುತ್ತದೆಂದು ಗೊತ್ತಿರಲಿಲ್ಲ.

ಕದ್ದ ಕಾರಣ ಮಾತ್ರ ಘನವಾದದ್ದು. ಮೋಟರ್ ಸೈಕಲ್ಲಿನ ಮುಂದಿನ ಗಾಲಿಯನ್ನು ಎರಡೂ ಕಡೆಯಿಂದ ಹಿಡಿದುಕೊಂಡ ಎರಡು ಕಾಲುಗಳಿರುತ್ತವಲ್ಲ, ಪುಸ್ತಕದವರು ಫೋರ್ಕ್ ಎನ್ನುತ್ತಾರೆ, ಗ್ಯಾರೇಜಿನವರು ಶಾಕಪ್ ಎನ್ನುತ್ತಾರೆ, ನಾನು ಮುಂಗಾಲು ಎನ್ನುತ್ತೇನೆ. ಒಳಗೆ ಉಕ್ಕಿನ ಪೈಪು, ಸ್ಪ್ರಿಂಗು, ಎಣ್ಣೆ. ಎಣ್ಣೆ ಹೊರಗೆ ಬರದಂತೆ ಒಂದು ರಬ್ಬರಿನ ಸೀಲು. ಪೈಪು ಬಾಗಿದೆಯೋ ಇಲ್ಲವೋ ತಿಳಿಯಬೇಕಾದರೆ ಅದನ್ನು ಸಮತಟ್ಟಾದ ಜಾಗದ ಮೇಲೆ ಉರುಳಿಸಬೇಕು. ಗದಗ-ಬೆಟಗೇರಿಯ ರಸ್ತೆಗಳನ್ನು ಬಲ್ಲವರಿಗೆ ನಾನು ಗಾಜನ್ನೇ ಯಾಕೆ ಕದ್ದೆನೆಂದು ಹೇಳಬೇಕಾಗಿಲ್ಲ.

ಹೋದ ರವಿವಾರ ಡಂಬಳ ದಾಟಿ ಡೋಣಿ ಕಡೆ ಹೋಗುವಾಗ ಗಾಡಿ ಎಡಕ್ಕೆ ಮಗುಚಿತು. ಹಿಂದೆ ಕೂತಿದ್ದ ನನ್ನ ಹೆಂಡತಿ ನೀಲಾ ಎಡಗೈ ಊರಿ ಬಿದ್ದಳು, ಮಣಿಕಟ್ಟಿನ ಎಲುಬು ಮುರಿಯಿತು. ಬೇರೆಯವರ ಗಾಡಿ ಕೈಕೊಡುತ್ತದೆ, ನಮ್ಮದು ಕೈ ತೆಗೆದುಕೊಂಡಿತು. ಈ ಮಾತನ್ನು ಆಸ್ಪತ್ರೆಯಲ್ಲೇ ಹೇಳಿದೆ. ಪ್ಲಾಸ್ಟರ್ ಹಾಕುವವನು ನಕ್ಕ. ನೀಲಾ ನಗಲಿಲ್ಲ. ಮನೆಗೆ ಬಂದು ಅಂದಳು:

"ಇನ್ನ ಈ ಗಾಡಿ ಹಿಂದ ನಾ ಕುಂಡ್ರಂಗಿಲ್ರಿ. ಅತ್ತಿ ಮ್ಯಾಲ ಆಣಿ."

ಒಳಗಿನಿಂದ ಅವ್ವ, "ನನ್ನ ಮ್ಯಾಲ ಯಾಕ ಯವ್ವಾ, ಅವನ ಮ್ಯಾಲ ಇಡು" ಎಂದಳು.

ನಗುವ ಮಾತಲ್ಲ ಇದು. ಮನೆಯಲ್ಲಿ ನಾನೂ ನೀಲಾಳೂ ಆಡುವ ಮಾತು ಕಡಿಮೆ. ಅವಳಿಗೆ ಹೊಲಿಗೆ ಮಷೀನು, ನನಗೆ ಪೇಪರು ತಿದ್ದುವುದು. ಮಾತೆಲ್ಲ ರವಿವಾರ, ಗಾಡಿಯ ಮೇಲೆ. ಒಂದು ವಾರ ಶಿರಹಟ್ಟಿ, ಒಂದು ವಾರ ಮುಂಡರಗಿ, ಮತ್ತೊಂದು ವಾರ ಲಕ್ಷ್ಮೇಶ್ವರದಲ್ಲಿ ಅವಳ ಸೋದರತ್ತೆ ಶೇಖವ್ವನ ಮನೆಯ ಚಹಾ. ಅವಳು ನನ್ನ ಕಿವಿಯ ಹತ್ತಿರ ಬಾಯಿ ತಂದು ವಾರದ್ದನ್ನೆಲ್ಲ ಹೇಳುವಳು, ನಾನು ಮುಂದೆ ನೋಡುತ್ತ ಉತ್ತರ ಹೇಳುವೆ. ಹದಿನೆಂಟು ವರ್ಷದ ಸಂಸಾರ ನಡೆದದ್ದೇ ಆ ಸೀಟಿನ ಮೇಲೆ. ಸೀಟು ಹೋದರೆ ಉಳಿಯುವುದು ಬರೀ ಸಿಟ್ಟು.

ಆದ್ದರಿಂದ ನಿರ್ಧಾರ: ತಪ್ಪು ಎಡ ಮುಂಗಾಲಿನದು. ಸೀಲು ಹೋಗಿದೆ, ಎಣ್ಣೆ ಸೋರಿದೆ, ಕಾಲು ಕಚ್ಚಿಕೊಂಡಿದೆ, ಗಾಡಿ ಬಿದ್ದಿದೆ. ಎರಡೂ ಕಾಲು ನಾನೇ ಬಿಚ್ಚಿ ನಾನೇ ಕೂಡಿಸುತ್ತೇನೆ. ನೀಲಾ ಮತ್ತೆ ಕೂರುತ್ತಾಳೆ.

ಆಗಸ್ಟ್ 3, ರವಿವಾರ

ಈ ಗಾಡಿ ಸೋದರಮಾವ ಸಂಗಪ್ಪನದು. ಎಂಬತ್ತರ ದಶಕದ್ದು. ಮಾವ ಇದರ ಮೇಲೆ ಪಂಢರಪುರ, ಗೋವೆ, ಒಮ್ಮೆ ಕನ್ಯಾಕುಮಾರಿಯನ್ನೂ ಮುಟ್ಟಿ ಬಂದವನು. ಅವ್ವ ಅದರ ಸದ್ದು ಕೇಳಿ 'ಗುಡುಗುಡಿ' ಎಂದು ಹೆಸರಿಟ್ಟಿದ್ದಾಳೆ. ಇವತ್ತು ಗುಡುಗುಡಿಯನ್ನು ಅಂಗಳದಲ್ಲಿ ಕಟ್ಟಿಗೆಯ ಪೆಟ್ಟಿಗೆಯ ಮೇಲೆ ಎತ್ತಿ ಕೂಡಿಸಿ, ಮುಂದಿನ ಗಾಲಿ ಕಳಚಿ, ಎರಡೂ ಮುಂಗಾಲು ಕೆಳಗೆ ಎಳೆದೆ. ಹಳೆಯ ಎಣ್ಣೆ ಕರೀ ಬೆಲ್ಲದ ಪಾಕದಂತೆ ಇಳಿಯಿತು.

ಗಾಜಿನ ಮೇಲೆ ಪೈಪು ಉರುಳಿಸಿದೆ. ಎಡಗಾಲಿನದು ಮೊದಲು. ಬಾಗಿದ್ದರೆ ಕುಣಿಯುತ್ತ ಉರುಳಬೇಕು. ಇದು ಮದುವೆಮನೆಯ ಹಿರಿಯರಂತೆ ಗಂಭೀರವಾಗಿ ಉರುಳಿತು. ಹೊಳ್ಳಿಸಿ ಉರುಳಿಸಿದೆ. ಮತ್ತೆ ಗಂಭೀರ. ಬಲಗಾಲಿನದೂ ಹಾಗೆಯೇ.

ಗೊಂದಲವಾಯಿತು. ಬಾಗಿಲ್ಲ ಎಂದಮೇಲೆ ಕಚ್ಚಿಕೊಂಡದ್ದು ಹೇಗೆ? ಬಹುಶಃ ಕದ್ದ ಗಾಜು ಸತ್ಯ ಹೇಳುವುದಿಲ್ಲ.

ಒಂದು ಅಡ್ಡಿ ಬಂತು. ನೀಲಾ ಒಳಗಿಂದ ಕರೆದಳು. ಒಂದೇ ಕೈಯಲ್ಲಿ ಜಡೆ ಹಾಕಿಕೊಳ್ಳಲು ಬರುವುದಿಲ್ಲವಂತೆ. ಅವ್ವನಿಗೆ ಕಣ್ಣು ಮಸುಕು. ನಾನೇ ಹಾಕಿದೆ. ಕನ್ನಡಿಯಲ್ಲಿ ನೋಡಿಕೊಂಡು, "ಇದು ಜಡೀನೋ, ಎತ್ತಿನ ಹಗ್ಗಾನೋ?" ಎಂದಳು. ಕೈಯಲ್ಲಿ ಗ್ರೀಸು ಇತ್ತು, ಅದನ್ನು ಹೇಳಲಿಲ್ಲ.

ಆಗಸ್ಟ್ 6, ಬುಧವಾರ

ಗದಗಿನಲ್ಲಿ ಮಕ್ತುಮಸಾಬನ ಬಿಡಿಭಾಗದ ಅಂಗಡಿ. ಗಿರಾಕಿ ಯಾವ ರೋಗ ಹೇಳಿದರೂ 'ಹೌದು' ಎನ್ನುವ ವೈದ್ಯ ಅವನು. "ಸೀಲ್ ಹೋಗಿರಬೇಕು" ಎಂದೆ. "ಹೋಗೇ ಹೋಗಿರತೈತ್ರಿ ಮಾಸ್ತರ, ನೋಡದನ ಹೇಳತೀನಿ" ಎಂದ. "ಇಲ್ಲಾ ಬುಷ್ ಸವದಿರಬೇಕು" ಎಂದೆ. "ಸವದ ಸವದಿರತೈತಿ!" ಎಂದು ಪೈಪಿನ ಸುತ್ತ ಕೂರುವ ಆ ಬಳೆಯನ್ನೂ ಕೊಟ್ಟ. ನಾನು ಇನ್ನೊಂದು ರೋಗ ನೆನಪಿಸಿಕೊಂಡಿದ್ದರೆ ಇಡೀ ಗಾಡಿ ಹೊಸದಾಗುತ್ತಿತ್ತು.

ಸಂಜೆ ಎರಡೂ ಕಾಲು ಕೂಡಿಸಿದೆ. ಹೊಸ ಸೀಲು, ಹೊಸ ಬುಷ್, ಹೊಸ ಎಣ್ಣೆ. ಹಿಡಿಕೆ ಹಿಡಿದು ಒತ್ತಿದೆ. ಗುಡುಗುಡಿ ತಲೆಬಾಗಿ ನಮಸ್ಕರಿಸಿ ನಿಧಾನ ಎದ್ದಿತು. ಆಹಾ! ಸೀಲೂ ಉಳಿಯಿತು, ನನ್ನ ಶೀಲವೂ ಉಳಿಯಿತು.

ಈ ಮಾತನ್ನು ನೀಲಾಳಿಗೆ ಹೇಳಿದೆ. "ಹೂಂ" ಎಂದಳು. ಅವಳ 'ಹೂಂ'ಗೆ ಸ್ಪ್ರಿಂಗು ಇಲ್ಲ.

ಆಗಸ್ಟ್ 9, ಶನಿವಾರ

ಮುಂಜಾನೆಯ ಕ್ಲಾಸು ಮುಗಿಸಿ ಬಂದು ನೋಡುತ್ತೇನೆ, ಎಡಗಾಲಿನ ಮೇಲಿಂದ ಕೆಳಗಿನವರೆಗೆ ಎಣ್ಣೆ. ಕೆಳಗೆ ಕಲ್ಲಿನ ಮೇಲೆ ಒಂದು ಹೊಳೆಯುವ ಕಲೆ. ಬಲಗಾಲು ಒಣಗಿದ ರೊಟ್ಟಿ.

ಒಂದೇ ಅಂಗಡಿಯ ಸೀಲು, ಒಂದೇ ಕೈಯ ಕೆಲಸ. ಯಾಕೆ?

ಆಗಸ್ಟ್ 10, ರವಿವಾರ

ಇವತ್ತು ನಾವು ಎಲ್ಲಿಗೂ ಹೋಗಲಿಲ್ಲ. ಬೀದಿಯಲ್ಲಿ ಯಾರದೋ ಗಾಡಿ ಗುಡುಗುಡು ಅಂದಾಗ ಇಬ್ಬರೂ ಒಟ್ಟಿಗೆ ಬಾಗಿಲ ಕಡೆ ನೋಡಿದೆವು. ಆಮೇಲೆ ಅವಳು ಬ್ಲೌಸಿನ ಬಟ್ಟೆಗಳನ್ನು ಸುಮ್ಮನೆ ಮಡಿಸಿ ಮಡಿಸಿ ಇಟ್ಟಳು. ಹೊಲಿಯಲು ಎರಡು ಕೈ ಬೇಕು.

ನಾನು ರೊಟ್ಟಿ ಬಡಿದೆ. ಅವ್ವ ಒಂದನ್ನು ಎತ್ತಿ ಹಿಡಿದು, "ನೀಲಾ, ಇದು ಯಾವ ತಾಲೂಕಿನ ನಕಾಶಿ?" ಎಂದು ಕೇಳಿದಳು. ಸೊಸೆ, "ಮುಂಡರಗಿ ಇರಬೇಕ್ರಿ ಅತ್ತಿ, ಮೂಲಿ ಚೂಪ ಐತಿ" ಎಂದಳು. ಇಬ್ಬರೂ ನಕ್ಕರು. ಜೋಕು ನನ್ನದಲ್ಲವಾದ್ದರಿಂದ ನಾನು ಎಣಿಕೆಗೆ ತೆಗೆದುಕೊಳ್ಳಲಿಲ್ಲ.

ಆಗಸ್ಟ್ 14, ಗುರುವಾರ

ಎಡಗಾಲು ಮತ್ತೆ ಬಿಚ್ಚಿದೆ. ಸೀಲು ಹೊಸ ಮದುಮಗಳಂತಿದೆ, ಒಂದು ಗೀರಿಲ್ಲ. ಆದರೂ ಬದಲಿಸಿದೆ. ಮಕ್ತುಮಸಾಬನಿಗೆ ಹೇಳಿದಾಗ ಅವನೂ ತಲೆ ಕೆರೆದುಕೊಂಡ.

"ಮಾಸ್ತರ, ಗಾಡಿ ವಾಲಿಸಿ ನಿಂದ್ರಸ್ತೀರಿ?"

"ಹೌದು."

"ಯಾವ ಕಡೆ?"

"ಎಡಕ್ಕ."

"ಅದಕ್ಕ ನೋಡ್ರಿ!"

"ಎಲ್ಲಾರ ಗಾಡೀನೂ ಎಡಕ್ಕ ವಾಲತಾವಲ್ರಿ ಸಾಬ್ರ?"

"ಹೌದಲ್ಲ! ಹಂಗಾರ ಅದಲ್ಲ ಬಿಡ್ರಿ." ಮತ್ತೆ ತಲೆ ಕೆರೆದು, "ದೃಷ್ಟಿ ಆಗಿರಬೇಕು" ಎಂದ. ಭೌತಶಾಸ್ತ್ರದಲ್ಲಿ ದೃಷ್ಟಿಗೆ ಬೆಳಕಿನ ಪಾಠ ಮಾತ್ರ ಇದೆ, ಎಣ್ಣೆಯ ಪಾಠ ಇಲ್ಲ ಎಂದು ಹೇಳಿ ಬಂದೆ.

ಕೂಡಿಸಿ ಆಯಿತು. ಇವತ್ತು ಒಂದು ಹನಿಯಿಲ್ಲ.

ಆಗಸ್ಟ್ 15, ಶುಕ್ರವಾರ

ಧ್ವಜ ಏರಿತು. ಎಣ್ಣೆ ಇಳಿಯಲಿಲ್ಲ. ಗೆದ್ದೆ.

ಆಗಸ್ಟ್ 16, ಶನಿವಾರ

ಸೋತೆ.

ಆಗಸ್ಟ್ 20, ಬುಧವಾರ

ಸೆಕೆಂಡ್ ಪಿಯುಸಿಗೆ ಇವತ್ತು ಅವಮಂದನದ ಪಾಠ. ತೂಗುವ ವಸ್ತು ಹೇಗೆ ನಿಧಾನವಾಗಿ ನಿಲ್ಲುತ್ತದೆ ಎಂಬ ವಿಷಯ. ಗಾಡಿಯ ಮುಂಗಾಲಿನ ಉದಾಹರಣೆ ಕೊಟ್ಟೆ. ಹಿಂದಿನ ಬೆಂಚಿನ ವಿಶಾಲ ಎದ್ದು, "ಸರ್, ನಿಮ್ಮ ಗಾಡಿ ಬಿದ್ದಿದ್ದು ಅದಕ್ಕ ಏನ್ರಿ?" ಎಂದ. "ಹೌದು, ಎಣ್ಣೆ ಸೋರಿ ಅವಮಂದನ ಹೋಗಿತ್ತು" ಎಂದೆ. "ಅಂದ್ರ ಗಾಡಿ ಮೊದಲ ಕುಣಿದಾಡಿ ಆಮ್ಯಾಲ ಬಿತ್ತಾ, ಅಥವಾ ಒಮ್ಮಿಗೇ ಬಿತ್ತಾ ಸರ್?"

ಇಂಥ ಪ್ರಶ್ನೆ ಕೇಳುವ ಹುಡುಗರು ಪರೀಕ್ಷೆಯಲ್ಲಿ ಯಾಕೆ ಫೇಲಾಗುತ್ತಾರೋ ತಿಳಿಯದು. ಗಂಟೆ ಹೊಡೆಯಿತು. ಒಮ್ಮಿಗೇ ಬಿತ್ತು. ಆದರೆ ಅದು ಸಿಲೆಬಸ್ಸಿನಲ್ಲಿಲ್ಲ.

ಅವಮಂದನ ಹೇಳಿಕೊಡುವವನೇ ಮಂದ ಎಂದು ನಾನೇ ಒಂದು ಮಾತು ಹೊಸೆದೆ. ಮನೆಗೆ ಬಂದು ಹೇಳಬೇಕೆಂದಿದ್ದೆ. ನೀಲಾ ಕೈ ಬೇನೆಯಾಗಿ ಮಲಗಿದ್ದಳು. ಕಾಲ ಬಳಿ ಕೂತೆ. ಹೇಳುವುದು ಮರೆತುಹೋಯಿತು.

ಆಗಸ್ಟ್ 23, ಶನಿವಾರ

ಈ ನಡುವೆ ಮೂರನೆಯ ಸಲ ಕೂಡಿಸಿದ್ದೆ. ಇವತ್ತು ಮತ್ತೆ ಎಡಗಾಲು ಮೀಯಿಸಿಕೊಂಡು ನಿಂತಿದೆ. ಈ ಸಲ ವಿಜ್ಞಾನಿಯಂತೆ ಬೆರಳಿಗೆ ಹಚ್ಚಿ ನೋಡಿದೆ. ನಾನು ಹಾಕಿದ ಎಣ್ಣೆ ಕೆಂಪು. ಹೊರಗೆ ಬಂದದ್ದು ತಿಳಿ ಹಳದಿ. ಮೂಸಿದೆ. ಖಾರ ಹಚ್ಚಿ ತಿನ್ನಬೇಕೆನ್ನುವಂಥ ವಾಸನೆ. ಒಳಗೆ ಅವ್ವ ಮಿರ್ಚಿ ಕರಿಯುತ್ತಿದ್ದಳು, ಆ ವಾಸನೆ ಮೂಗಿನಲ್ಲಿ ಉಳಿದಿರಬೇಕು.

ನಿರ್ಣಯ: ಒತ್ತಡ ಮತ್ತು ಘರ್ಷಣೆಯಿಂದ ಎಣ್ಣೆ ಬಣ್ಣ ಬದಲಿಸಿ ಹೊರಬರುತ್ತಿದೆ. ಇದು ಜಗತ್ತಿಗೆ ಇನ್ನೂ ತಿಳಿಯದ ವಿದ್ಯಮಾನವಾಗಿರಬಹುದು. ಪ್ರಬಂಧ ಬರೆಯಬೇಕು.

ನೀಲಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಬಿಡ್ರಿ ಇನ್ನ. ಅದರ ಕಾಲ ಹಿಡದು ಹಿಡದು ನಿಮ್ಮ ಬೆನ್ನ ಬಾಗೇತಿ."

"ನೀ ಕುಂಡ್ರಬೇಕಲ್ಲ."

ಅವಳು ಒರೆಸುವ ಬಟ್ಟೆಯನ್ನು ನನ್ನ ಕಡೆ ಎಸೆದು ಒಳಗೆ ಹೋದಳು.

ಆಗಸ್ಟ್ 31, ರವಿವಾರ

ಗಾಡಿ ಮುಟ್ಟಲಿಲ್ಲ. ಗಾಜಿನ ಹಲಗೆಯನ್ನು ಮೊನ್ನೆ ಪ್ರಯೋಗಾಲಯದಲ್ಲಿ ಇಟ್ಟು ಬಂದೆ. ಕಳುವಾದದ್ದು ಯಾರಿಗೂ ಗೊತ್ತಾಗಿರಲಿಲ್ಲ, ತುಸು ಅವಮಾನವೇ ಆಯಿತು.

ಮುಂಜಾನೆ ನೀಲಾಳ ಜಡೆ ಹಾಕಿದೆ. ನಾಲ್ಕು ಕಾಲಿನ ಜಡೆ, ಅಂದರೆ ನಾಲ್ಕೆಳೆಯದು. ಅವಳು ಕನ್ನಡಿ ಕೇಳಲಿಲ್ಲ. ಮಧ್ಯಾಹ್ನ ಅವಳು ಹೇಳಿದಂತೆ ಬಟ್ಟೆ ಹಿಡಿದೆ, ಅವಳು ಒಂದೇ ಕೈಯಲ್ಲಿ ಕತ್ತರಿಸಿದಳು. ಸಂಜೆ ಕಟ್ಟೆಯ ಮೇಲೆ ಕೂತು ಲಕ್ಷ್ಮೇಶ್ವರದ ಶೇಖವ್ವನ ಮೊಣಕಾಲು, ಗಣಪತಿಯ ಚಂದಾ, ಅವಳ ಶಾಲೆಯ ದಿನಗಳ ಒಂದು ಜಗಳ, ಎಲ್ಲ ಹೇಳಿದಳು. ಜಗಳದಲ್ಲಿ ಅವಳು ಒಬ್ಬ ಹುಡುಗಿಯ ಬರೆಯುವ ಪಾಟಿ ಒಡೆದಿದ್ದಳಂತೆ. ಹದಿನೆಂಟು ವರ್ಷದಲ್ಲಿ ಇದನ್ನು ನಾನು ಕೇಳಿರಲಿಲ್ಲ.

ಒಟ್ಟಿನಲ್ಲಿ ರವಿವಾರ ವ್ಯರ್ಥ. ಮುಂಗಾಲಿನ ಕೆಲಸ ಒಂದಿಷ್ಟೂ ಮುಂದೆ ಹೋಗಲಿಲ್ಲ.

ಸೆಪ್ಟೆಂಬರ್ 6, ಶನಿವಾರ

ಗಣಪತಿ ಕಳಿಸುವ ಗದ್ದಲಕ್ಕೆ ಕಾಲೇಜಿಗೆ ರಜೆ. ಎಷ್ಟೋ ವಾರದ ಮೇಲೆ ಶನಿವಾರ ಮುಂಜಾನೆ ಮನೆಯಲ್ಲಿದ್ದೆ. ಹಲ್ಲುಜ್ಜುತ್ತ ಹಿತ್ತಲಿನಿಂದ ಅಂಗಳಕ್ಕೆ ಬಂದರೆ, ಹಣಮಪ್ಪನ ಗುಡಿಯಿಂದ ಬಂದ ಅವ್ವ ಗುಡುಗುಡಿಯ ಮುಂದೆ ನಿಂತಿದ್ದಾಳೆ. ಕೈಯಲ್ಲಿ ಹಿತ್ತಾಳಿಯ ಬಟ್ಟಲು. ಗಾಡಿಯ ದೀಪದ ಪಕ್ಕದಿಂದ, ಎಡಗಾಲಿನ ನೆತ್ತಿಯ ಮೇಲೆ, ಕಣ್ಣು ಮುಚ್ಚಿಕೊಂಡು, ಸಣ್ಣ ಧಾರೆಯಾಗಿ ಎಣ್ಣೆ ಎರೆಯುತ್ತಿದ್ದಾಳೆ. ತುಟಿ ಅಲುಗುತ್ತಿದೆ.

ಬ್ರಷ್ಶು ಬಾಯಲ್ಲೇ ಉಳಿಯಿತು.

"ಅವ್ವಾ!"

"ಯಾಕ ಒದರತಿ? ಗುಡಿಯೊಳಗ ಎರದು ಉಳದಿದ್ದು. ಕುಸುಬಿ ಎಣ್ಣಿ, ಚಲೋದೈತಿ."

"ಪ್ರತಿ ಶನಿವಾರ?"

"ಶ್ರಾವಣದಾಗ ಹಿಡಿದೆ. ಅವಳ ಕೈ ನೆಟ್ಟಗಾಗೂತನಕ ಎರಿತೀನಿ ಅಂತ ಹಣಮಪ್ಪಗ ಹೇಳೀನಿ."

"ಎಡಗಾಲಿಗೆ ಯಾಕಬೇ?"

ಅವ್ವ ನನ್ನನ್ನು ದಡ್ಡ ವಿದ್ಯಾರ್ಥಿಯನ್ನು ನೋಡುವಂತೆ ನೋಡಿದಳು. "ನನ್ನ ಸೊಸಿ ಬಿದ್ದದ್ದು ಆ ಕಡೆಗಲ್ಲೇನೋ?"

ನಾನು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಎಷ್ಟು ಸೀಲು, ಎಷ್ಟು ಬುಷ್, ಬೆನ್ನಿಗೆ ಎಷ್ಟು ಬಾಮು! "ನಾ ಅದನ್ನ ಹತ್ತ ಸಲ ಬಿಚ್ಚಿ ಕೂಡಿಸಿದ್ನಲ್ಲಬೇ, ಒಂದ ಮಾತ ಹೇಳಬಾರದ?"

"ನೀ ಎಣ್ಣಿ ಒರಸಿ ಒರಸಿ ಸ್ವಚ್ಛ ಮಾಡತಿದ್ದಿ. ಮಗಾನೂ ಸೇವಾ ಮಾಡಾಕ ಹತ್ಯಾನ ಅಂತ ತಿಳಕೊಂಡೆ."

ಒಳಗೆ ಏನೋ ಬಿದ್ದ ಸದ್ದಾಯಿತು. ಹೋಗಿ ನೋಡಿದರೆ ನೀಲಾ ಮಷೀನಿನ ಮೇಲೆ ತಲೆಯಿಟ್ಟು, ಪ್ಲಾಸ್ಟರಿನ ಕೈಯನ್ನು ಎದೆಗೆ ಒತ್ತಿ ಹಿಡಿದು ನಗುತ್ತಿದ್ದಳು. ಕತ್ತರಿ ನೆಲದ ಮೇಲಿತ್ತು. ಅವಳಿಗೆ ಮೊದಲೇ ಗೊತ್ತಿತ್ತೇ ಎಂದು ಕೇಳಿದೆ. ಕಣ್ಣೊರೆಸಿಕೊಳ್ಳುತ್ತ ಇಲ್ಲ ಎಂದು ತಲೆಯಾಡಿಸಿದಳು, ಆಮೇಲೆ ಹೌದು ಎಂದಳು, ಮತ್ತೆ ನಕ್ಕಳು. ಈಗಲೂ ಸ್ಪಷ್ಟವಿಲ್ಲ.

ಪ್ರಬಂಧ ರದ್ದು.

ಸೆಪ್ಟೆಂಬರ್ 10, ಬುಧವಾರ

ಪ್ಲಾಸ್ಟರ್ ಬಿಚ್ಚಿದರು. ಕೈ ಎಳೆ ಹುಣಸೆ ಬರಲಿನಂತೆ ಸಣ್ಣಗಾಗಿದೆ. ಬೆರಳು ಮಡಚಿಸಿ, ಬಿಡಿಸಿ ನೋಡಿ ಡಾಕ್ಟರರು ಒಳ್ಳೆಯದಾಗಿದೆ ಎಂದರು. ಹೊರಗೆ ಬಂದು ಅವಳು ಅದೇ ಕೈಯಲ್ಲಿ ನನ್ನ ಅಂಗಿಯ ತುದಿ ಹಿಡಿದು ರಸ್ತೆ ದಾಟಿದಳು.

ಗೊಂದಲವೆಲ್ಲ ಬಗೆಹರಿದ ಮೇಲೆ ಇಲ್ಲಿ ನ್ಯಾಯವಾಗಿ ದಾಖಲಿಸಬೇಕಾದ ಸಂಗತಿ ಒಂದಿದೆ. ಎಡಗಾಲು ಅವ್ವನ ಭಕ್ತಿಗೆ ಸೇರಿತು, ಅದನ್ನು ಬಿಡೋಣ. ಬಲಗಾಲು ನೋಡಿ! ಅದಕ್ಕೆ ಯಾವ ದೇವರ ಸಹಾಯವೂ ಇರಲಿಲ್ಲ. ಒಂದೇ ಒಂದು ಸಲ, ನನ್ನ ಈ ಎರಡು ಕೈಯಿಂದ ಬಿಚ್ಚಿ ಕೂಡಿಸಿದ್ದು. ಅಂದಿನಿಂದ ಇಂದಿನವರೆಗೆ ಹೊರಗೆ ಒಂದು ಹನಿ ಕಂಡಿಲ್ಲ. ಸ್ಟಾಫ್ ರೂಮಿನಲ್ಲಿ ಇದನ್ನು ವಿಸ್ತಾರವಾಗಿ ಹೇಳಿದೆ. ರಸಾಯನಶಾಸ್ತ್ರದ ಭೀಮೇಶ ತನ್ನ ಸ್ಕೂಟರನ್ನೂ ಒಮ್ಮೆ ನೋಡಿಕೊಡು ಎಂದ. ಸಮಯ ಸಿಕ್ಕರೆ ನೋಡುತ್ತೇನೆ ಎಂದೆ.

ಸೆಪ್ಟೆಂಬರ್ 14, ರವಿವಾರ

ನೀಲಾ ಕೂತಳು.

ಮುಂಜಾನೆ ಚಹಾ ಕುಡಿದು, "ಅತ್ತಿ, ಆಣಿ ವಾಪಸ್ ತಗೋತೀನ್ರಿ" ಎಂದಳು. ಅವ್ವ, "ನನಗೇನೂ ಆಗಿಲ್ಲವ್ವ, ಹೋಗಿ ಬಾ" ಎಂದಳು. ನಾನು ಎರಡು ಸಲ ಕಿಕ್ಕು ತಪ್ಪಿದೆ. ಗಾಡಿಗೆ ಚಳಿ ಇರಬೇಕು.

ಡಂಬಳದ ಕೆರೆ ದಾಟಿದೆವು. ಮುಂದಿನ ತಿರುವಿನಲ್ಲಿ, ಜಲ್ಲಿಯ ಗುಡ್ಡೆ ಇದ್ದಲ್ಲಿ, ಅವಳು ಬೆನ್ನು ತಟ್ಟಿದಳು. ನಿಲ್ಲಿಸಿದೆ. ಇಳಿದಳು. ಗುಡ್ಡೆ ಅರ್ಧ ಕರಗಿ ರಸ್ತೆಯ ಬದಿ ಹರಡಿತ್ತು. ದೂರದಲ್ಲಿ ಕಪ್ಪತಗುಡ್ಡದ ಮೇಲೆ ಗಾಳಿಯಂತ್ರದ ರೆಕ್ಕೆಗಳು ತಿರುಗುತ್ತಿದ್ದವು.

"ಇಲ್ಲೇ ಅಲ್ರಿ?"

"ಹೂಂ. ಆವತ್ತ ಏನಾಗಿತ್ತಂದ್ರ, ಎಡಗಡೆ ಸೀಲ..."

"ಸೀಲ ಬಿಡ್ರಿ. ಗಾಜಿನ ಮ್ಯಾಲ ಉರುಳಿಸಿದ ದಿನಾನ ಗಾಡಿ ಕಾಲ ಚಲೋ ಐತಿ ಅಂತ ನಿಮಗ ಗೊತ್ತಾತು. ನಿಮ್ಮ ಮಾರಿ ನೋಡೀನಿ ನಾ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಕಷ್ಟವಾಯಿತು. "ಆವತ್ತ ಜಲ್ಲಿ ಬಂದಾಗ ನೀವು ಹಿಂದ ಹೊಳ್ಳಿ ಯಾಕ ನೋಡಿದ್ರಿ?"

ನಾನು ಗಾಳಿಯ ರೆಕ್ಕೆ ನೋಡಿದೆ. ಜಲ್ಲಿ ನೋಡಿದೆ. ಒಂದು ಟ್ರ್ಯಾಕ್ಟರು ಬಂದು ಹೋಯಿತು.

"ಜೋಕ್ ಹೇಳಿದ್ದೆ. ನೀ ನಕ್ಕಿಯೋ ಇಲ್ಲೋ ನೋಡಾಕ."

"ಅದಕ್ಕ?"

"ಅದಕ್ಕ."

"ಅಂದ್ರ ನನ್ನ ಕೈ ಮುರದದ್ದು ಜೋಕಿಗೆ."

"ಹೌದು. ತಪ್ಪು ನಂದ. ಗಾಡೀದಲ್ಲ."

ಅವಳು ಮಣಿಕಟ್ಟು ತಿಕ್ಕಿಕೊಳ್ಳುತ್ತ ಸ್ವಲ್ಪ ದೂರ ನಡೆದು ಹೋದಳು. ಅಲ್ಲಿಂದ ಬಸ್ಸಿಗೆ ಹೋಗುತ್ತಾಳೆಂದೇ ತಿಳಿದೆ. ಹೊಳ್ಳಿ ಬಂದಳು.

"ಇಷ್ಟ ಹೇಳಾಕ ಎರಡ ಕಾಲ ಬಿಚ್ಚಿದ್ರಲ್ರಿ. ಬಾಯಿ ಬಿಚ್ಚಿದ್ರ ಆಗತಿತ್ತು." ಆಮೇಲೆ, "ಯಾವ ಜೋಕದು? ಗಾಳಿಗೆ ನನಗ ಕೇಳಿರಲಿಲ್ಲ."

ಹೇಳಿದೆ. ಡೋಣಿಯ ಮಂದಿಗೆ ಹುಟ್ಟು ಹಾಕುವುದು ಬೇಕಾಗಿಲ್ಲ, ಅವರು ಹುಟ್ಟಿದ್ದೇ ಡೋಣಿಯಲ್ಲಿ.

ನೀಲಾ ಅಳತೆ ತಪ್ಪಿದ ಬ್ಲೌಸನ್ನು ನೋಡುವಂತೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. "ಇಷ್ಟಕ್ಕನಾ?" ಎಂದಳು. ಗಾಡಿ ಹತ್ತಿದಳು. "ನಡೀರಿ. ಇನ್ನ ಮ್ಯಾಲ ಗಾಡಿ ಮ್ಯಾಲ ನಾ ಮಾತಾಡತೀನಿ, ನೀವು ಕೇಳ್ರಿ. ಮುಂದ ನೋಡಕೋತ."

ಮಾತಾಡಿದಳು. ಬೆಟಗೇರಿಯವರೆಗೂ ಮಾತಾಡಿದಳು. ನಾನು ಒಂದು ಮಾತೂ ಆಡಲಿಲ್ಲ, ಆಡಬೇಕೆನಿಸಲೂ ಇಲ್ಲ. ಬಹುಶಃ ದಣಿವಾಗಿತ್ತು.

ತಗ್ಗು ಬಂದಾಗಲೆಲ್ಲ ಮುಂದಿನಿಂದ 'ಖಟ್' ಎಂಬ ಸದ್ದು ಬರುತ್ತಿತ್ತು. ನೀಲಾ ಕೇಳಿದ್ದಕ್ಕೆ ಹೊಸ ಬುಷ್ ಕೂಡುವಾಗ ಹಾಗೇ ಎಂದೆ.

ಸೆಪ್ಟೆಂಬರ್ 15, ಸೋಮವಾರ

ನೀಲಾ ನನ್ನ ಮಾತು ನಂಬಲಿಲ್ಲ. ತಾನೂ ಹಿಂದೆ ಕೂತು ಮಕ್ತುಮಸಾಬನ ಅಂಗಡಿಗೆ ಗಾಡಿ ಹೊಡೆಸಿದಳು. ಮಕ್ತುಮಸಾಬ ಹಿಡಿಕೆ ಒತ್ತಿದ. ಖಟ್. ಮತ್ತೊಮ್ಮೆ ಒತ್ತಿದ. ಖಟ್. ಬಲಗಾ‌ಲಿನ ಬುಡದಲ್ಲಿರುವ ಸಣ್ಣ ತಿರುಪು ಬಿಚ್ಚಿ, ಕೆಳಗೆ ಡಬ್ಬಿ ಹಿಡಿದ. ಏನೂ ಬರಲಿಲ್ಲ. ಬಗ್ಗಿ ಊದಿದ. ಎದ್ದು ನಿಂತು, ಈ ಸಲ ಗಿರಾಕಿಯ ಮಾತಿಗೆ ಕಾಯದೆ ತಾನೇ ಕೇಳಿದ:

"ಮಾಸ್ತರ, ಇದರಾಗ ಎಣ್ಣಿ ಹಾಕಿದ್ರಿ?"

ಎಡಗಾಲಿಗೆ ಹಾಕಿದ್ದು ನೆನಪಿದೆ, ಪ್ರತಿ ಸಲವೂ. ಬಲಗಾಲಿಗೆ ಹಾಕಿದ ದಿನವನ್ನು ನೆನಪಿಸಿಕೊಳ್ಳಲು ಅಂಗಡಿಯ ಮುಂದೆ ನಿಂತು ಬಹಳ ಪ್ರಯತ್ನಿಸಿದೆ. ಅಂಥ ದಿನ ಇರಲಿಲ್ಲ.

ನೀಲಾ ಬೀದಿಯಲ್ಲೇ ನಕ್ಕಳು. ಭೀಮೇಶನಿಗೆ ಇನ್ನೂ ಹೇಳಿಲ್ಲ. ಬಲಗಾಲು ಒಂದು ಹನಿಯೂ ಸೋರಲಿಲ್ಲ, ಅದು ಖರೆ. ಅದರೊಳಗೆ ನಾನು ಒಂದು ಹನಿಯನ್ನೂ ಹಾಕಿರಲಿಲ್ಲ.